ಕಥೆ ಅರ್ಥವಾಗುವ ಮಗುವಿಗೆ ಪಾಠ ಏಕೆ ಅರ್ಥವಾಗುವುದಿಲ್ಲ?

ಪ್ರಶ್ನೆ: ನನ್ನ ಮಗ ಹಿರಿಯೂರು ತಾಲ್ಲೂಕಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಆರನೇ ತರಗತಿ ಓದುತ್ತಿದ್ದಾನೆ. ಕಥೆ ಪುಸ್ತಕ ಕೊಟ್ಟರೆ ಒಂದೇ ಗುಕ್ಕಿನಲ್ಲಿ ಓದಿ ಮುಗಿಸಿ ತಂಗಿಗೂ ಹೇಳುತ್ತಾನೆ. ವಿಜ್ಞಾನ ಮತ್ತು ಸಮಾಜ ವಿಜ್ಞಾನದ ಪಾಠಗಳನ್ನೂ ತಡವರಿಸದೆ ಗಟ್ಟಿಯಾಗಿ ಓದುತ್ತಾನೆ. ಆದರೆ ಪುಸ್ತಕ ಮುಚ್ಚಿಸಿ ‘ಏನು ಓದಿದೆ, ಹೇಳು’ ಎಂದರೆ ಸುಮ್ಮನೆ ನಿಲ್ಲುತ್ತಾನೆ. ಪರೀಕ್ಷೆಗೆ ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿ ಬರೆಯುತ್ತಾನೆ, ವಾರ ಕಳೆಯುವಷ್ಟರಲ್ಲಿ ಮರೆಯುತ್ತಾನೆ. ‘ಇನ್ನೂ ಹೆಚ್ಚು ಓದಿಸಿ’ ಎಂದು ಶಾಲೆಯಲ್ಲಿ ಹೇಳುತ್ತಾರೆ. ಏನನ್ನು, ಹೇಗೆ ಓದಿಸಬೇಕು? ನಾನು ಎಸ್ಸೆಸ್ಸೆಲ್ಸಿವರೆಗೆ ಮಾತ್ರ ಓದಿದವಳು. ಇದು ನನ್ನಿಂದ ಆಗುವ ಕೆಲಸವೇ?

ಉತ್ತರ: ನಿಮ್ಮಿಂದ ಖಂಡಿತ ಆಗುವ ಕೆಲಸ. ನೀವು ಹೆಚ್ಚು ಓದಿಲ್ಲ ಎಂಬುದು ಇಲ್ಲಿ ಅಡ್ಡಿಯೇ ಅಲ್ಲ ಎಂಬುದನ್ನು ಮುಂದೆ ವಿವರಿಸುತ್ತೇನೆ. ಅದಕ್ಕೂ ಮೊದಲು ನಿಮ್ಮ ಮಗನ ತೊಡಕು ಯಾವುದೆಂದು ಸರಿಯಾಗಿ ಗುರುತಿಸಿಕೊಳ್ಳಬೇಕು. ‘ಇನ್ನೂ ಹೆಚ್ಚು ಓದಿಸಿ’ ಎಂಬ ಸಲಹೆ ಸದುದ್ದೇಶದ್ದೇ ಆದರೂ, ಅರ್ಥವಾಗದ ರೀತಿಯಲ್ಲಿಯೇ ಇನ್ನಷ್ಟು ಪುಟಗಳನ್ನು ಓದಿಸುವುದರಿಂದ ಮಗುವಿಗೆ ಆಗುವ ಲಾಭ ಬಹಳ ಕಡಿಮೆ.

ಓದು ಎಂದು ನಾವು ಒಂದೇ ಹೆಸರಿನಿಂದ ಕರೆಯುವ ಕ್ರಿಯೆಯಲ್ಲಿ ಎರಡು ಸಾಮರ್ಥ್ಯಗಳು ಸೇರಿಕೊಂಡಿವೆ. ಅಚ್ಚಾದ ಅಕ್ಷರಗಳನ್ನು ನುಡಿಯಾಗಿಸುವುದು ಒಂದು, ಆ ನುಡಿಯ ಅರ್ಥವನ್ನು ಗ್ರಹಿಸುವುದು ಇನ್ನೊಂದು. ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಇದನ್ನು ಒಂದು ಗುಣಾಕಾರದ ಹಾಗೆ ನಿರೂಪಿಸಿದರು: ಎರಡರಲ್ಲಿ ಯಾವುದೇ ಒಂದು ಸೊನ್ನೆಯಾದರೂ ಓದಿನ ಫಲ ಸೊನ್ನೆ. ಕನ್ನಡದಲ್ಲಿ ಈ ಮಾತಿಗೆ ವಿಶೇಷ ಮಹತ್ವವಿದೆ. ನಮ್ಮ ಲಿಪಿಯಲ್ಲಿ ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಸೇರಿ ಕಲಿಯಬೇಕಾದ ರೂಪಗಳು ನೂರಾರು, ಅವೆಲ್ಲ ಕೈವಶವಾಗಲು ಮಕ್ಕಳಿಗೆ ಹಲವು ವರ್ಷಗಳೇ ಬೇಕಾಗುತ್ತವೆ. ಆದರೆ ಒಮ್ಮೆ ಕೈವಶವಾದರೆ, ಬರೆದದ್ದಕ್ಕೂ ನುಡಿಯುವುದಕ್ಕೂ ಹೊಂದಿಕೆ ಇರುವುದರಿಂದ, ಮಗುವು ತನಗೆ ಸ್ವಲ್ಪವೂ ಗೊತ್ತಿಲ್ಲದ ಪದವನ್ನು ಕೂಡ ತಪ್ಪಿಲ್ಲದೆ ಉಚ್ಚರಿಸಬಲ್ಲದು. ‘ದ್ಯುತಿಸಂಶ್ಲೇಷಣೆ’ ಎಂಬುದನ್ನು ಸ್ಪಷ್ಟವಾಗಿ ಓದಿದ ಮಗುವಿಗೆ ಅದು ಗೊತ್ತಿದೆ ಎಂದು ಕೇಳುವವರಿಗೆ ಅನ್ನಿಸುತ್ತದೆ. ಗಟ್ಟಿ ಓದಿನ ಈ ಸೊಗಸು ಶಿಕ್ಷಕರನ್ನೂ ಪಾಲಕರನ್ನೂ ಒಂದೇ ಸಮನೆ ದಾರಿ ತಪ್ಪಿಸುತ್ತದೆ.

ಆದ್ದರಿಂದ ಮೊದಲು ಮನೆಯಲ್ಲಿಯೇ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಅವನು ಇನ್ನೂ ಓದಿರದ ಪಾಠವೊಂದರ ಒಂದು ಪರಿಚ್ಛೇದವನ್ನು ಅವನೇ ಓದಿ ಹೇಳಲಿ. ಅಷ್ಟೇ ಉದ್ದದ ಇನ್ನೊಂದು ಪರಿಚ್ಛೇದವನ್ನು ನೀವು ನಿಧಾನವಾಗಿ ಓದಿ ಅವನಿಗೆ ಕೇಳಿಸಿ, ಅವನು ಪುಸ್ತಕ ನೋಡದೆ ಕೇಳಿಸಿಕೊಂಡು ಹೇಳಲಿ. ನೀವು ಓದಿದಾಗ ಚೆನ್ನಾಗಿ ಅರ್ಥವಾಗಿ, ತಾನೇ ಓದಿದಾಗ ಅರ್ಥವಾಗದಿದ್ದರೆ, ಅಕ್ಷರಗಳನ್ನು ಕೂಡಿಸುವುದರಲ್ಲಿಯೇ ಅವನ ಗಮನವೆಲ್ಲ ಖರ್ಚಾಗುತ್ತಿದೆ ಎಂದು ತಿಳಿಯಬೇಕು. ಅಂಥ ಮಗುವಿಗೆ ಸುಲಭವಾದ ಪುಸ್ತಕಗಳನ್ನು ದಿನವೂ ಓದುವ ರೂಢಿ ಬೇಕು. ಎರಡು ರೀತಿಯಲ್ಲೂ ಅರ್ಥವಾಗದಿದ್ದರೆ, ತೊಡಕು ಅಕ್ಷರದಲ್ಲಿಲ್ಲ, ಪಾಠದ ಭಾಷೆಯಲ್ಲಿ ಮತ್ತು ವಿಷಯದ ಪರಿಚಯದಲ್ಲಿದೆ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಮಗ ಈ ಎರಡನೆಯ ಗುಂಪಿಗೆ ಸೇರಿದವನು, ಮತ್ತು ನಾನು ಶಾಲೆಗಳಲ್ಲಿ ಕಂಡಿರುವಂತೆ ಆರನೇ ತರಗತಿಯಲ್ಲಿ ಈ ಗುಂಪೇ ದೊಡ್ಡದು.

ಕಥೆಯ ಕನ್ನಡಕ್ಕೂ ಪಾಠದ ಕನ್ನಡಕ್ಕೂ ಇರುವ ದೂರವನ್ನು ದೊಡ್ಡವರಾದ ನಾವು ಮರೆತಿರುತ್ತೇವೆ. ಕಥೆಯಲ್ಲಿ ಯಾರೋ ಒಬ್ಬರು ಇರುತ್ತಾರೆ, ಅವರಿಗೆ ಏನೋ ಬೇಕಾಗಿರುತ್ತದೆ, ಮೊದಲು ಒಂದಾಗಿ ಆಮೇಲೆ ಮತ್ತೊಂದು ಆಗುತ್ತದೆ. ಹುಟ್ಟಿದಾಗಿನಿಂದ ಅಜ್ಜಿಯ ಬಾಯಲ್ಲಿ, ಜಗಲಿಯ ಮಾತಿನಲ್ಲಿ ಮಗು ಕೇಳಿರುವುದು ಈ ಕ್ರಮವನ್ನೇ. ಪಾಠದಲ್ಲಿ ಯಾರೂ ಇಲ್ಲ, ಯಾವಾಗ ನಡೆಯಿತು ಎಂಬುದೂ ಇಲ್ಲ, ಇರುವುದೆಲ್ಲ ಎಲ್ಲ ಕಾಲಕ್ಕೂ ಸಲ್ಲುವ ಮಾತು. ಒಂದು ಉದಾಹರಣೆ ನೋಡಿ. ನಾವು ಮಾತಿನಲ್ಲಿ ‘ಕಾಡು ಕಡಿದರೆ ಮಳೆಗೆ ಮಣ್ಣು ಕೊಚ್ಚಿಕೊಂಡು ಹೋಗುತ್ತದೆ’ ಎನ್ನುತ್ತೇವೆ. ಪುಸ್ತಕವು ‘ಅರಣ್ಯನಾಶವು ಮಣ್ಣಿನ ಸವಕಳಿಗೆ ಕಾರಣವಾಗುತ್ತದೆ’ ಎನ್ನುತ್ತದೆ. ಹೇಳಿದ್ದು ಒಂದೇ ಸಂಗತಿ. ಆದರೆ ಮೊದಲನೆಯದರಲ್ಲಿ ಕಡಿಯುವುದು, ಕೊಚ್ಚಿಹೋಗುವುದು ಎಂಬ ಎರಡು ಕ್ರಿಯೆಗಳು ಕಣ್ಣಿಗೆ ಕಾಣುತ್ತವೆ, ಎರಡನೆಯದರಲ್ಲಿ ಆ ಕ್ರಿಯೆಗಳೆರಡೂ ಹೆಸರುಗಳಾಗಿ ಗಟ್ಟಿಯಾಗಿ ಕುಳಿತುಬಿಟ್ಟಿವೆ. ಅವೆರಡರ ಸಂಬಂಧವನ್ನು ‘ಕಾರಣವಾಗುತ್ತದೆ’ ಎಂಬ ಒಂದೇ ಪದ ಹೊತ್ತಿದೆ. ಇದೇ ವಾಕ್ಯವನ್ನು ‘ಮಣ್ಣಿನ ಸವಕಳಿಗೆ ಅರಣ್ಯನಾಶವು ಕಾರಣ’ ಎಂದು ತಿರುಗಿಸಿ ಬರೆದರೂ ಅರ್ಥ ಬದಲಾಗುವುದಿಲ್ಲ, ಏಕೆಂದರೆ ‘ಗೆ’ ಪ್ರತ್ಯಯ ಯಾವುದಕ್ಕೆ ಅಂಟಿದೆಯೋ ಅದೇ ಪರಿಣಾಮ. ಆದರೆ ಮೊದಲು ಬಂದದ್ದೇ ಕಾರಣ ಎಂದುಕೊಳ್ಳುವ ಮಗುವು ಇಲ್ಲಿ ಎಲ್ಲವನ್ನೂ ತಲೆಕೆಳಗಾಗಿ ತಿಳಿದುಕೊಳ್ಳುತ್ತದೆ. ಇಂಥ ವಾಕ್ಯಗಳನ್ನು ಮಗುವಿನ ಮಾತಿಗೆ ಇಳಿಸಿ, ಮತ್ತೆ ಪುಸ್ತಕದ ಮಾತಿಗೆ ಏರಿಸುವ ಅಭ್ಯಾಸವನ್ನು ಯಾರೂ ಅದರೊಂದಿಗೆ ಕುಳಿತು ಮಾಡಿಸದಿರುವುದೇ ನೀವು ಹೇಳುತ್ತಿರುವ ತೊಂದರೆಯ ಬೇರು ಎಂದು ನಾನು ನಂಬಿದ್ದೇನೆ.

ಹಾಗಾದರೆ ಪಾಠದ ಕೊನೆಯ ಪ್ರಶ್ನೆಗಳಿಗೆ ಅವನು ಸರಿಯಾಗಿಯೇ ಉತ್ತರ ಬರೆಯುತ್ತಾನಲ್ಲ ಎಂದು ನೀವು ಕೇಳಬಹುದು. ಈ ವಾಕ್ಯವನ್ನು ಓದಿ: ‘ಬೋಡ್ಲನು ತಿಮುರಿನ ಗಲ್ಪೆಯಲ್ಲಿ ಮೂರು ಜೊಂಕೆಗಳನ್ನು ಸಿರುಬಿದನು.’ ಇದರಲ್ಲಿ ‘ಮೂರು’ ಬಿಟ್ಟರೆ ಯಾವ ಪದಕ್ಕೂ ಅರ್ಥವಿಲ್ಲ, ಎಲ್ಲವೂ ನಾನು ಕಟ್ಟಿದವು. ಆದರೂ ಜೊಂಕೆಗಳನ್ನು ಸಿರುಬಿದವರು ಯಾರು, ಎಲ್ಲಿ ಸಿರುಬಿದರು, ಎಷ್ಟು ಸಿರುಬಿದರು ಎಂಬ ಮೂರೂ ಪ್ರಶ್ನೆಗಳಿಗೆ ನೀವು ಪೂರ್ಣ ಅಂಕಕ್ಕೆ ಉತ್ತರಿಸಬಲ್ಲಿರಿ. ಕನ್ನಡದ ವಿಭಕ್ತಿ ಪ್ರತ್ಯಯಗಳು ಅಷ್ಟು ಸ್ಪಷ್ಟವಾಗಿ ದಾರಿ ತೋರಿಸುತ್ತವೆ. ‘ಎಲ್ಲಿ’ ಎಂದು ಕೇಳಿದರೆ ‘ಅಲ್ಲಿ’ಯಿಂದ ಮುಗಿಯುವ ಪದವನ್ನು ಹುಡುಕಿ ಬರೆದರಾಯಿತು. ನಮ್ಮ ಮಕ್ಕಳಲ್ಲಿ ಅನೇಕರು ಪ್ರಶ್ನೆಯ ಪದಗಳನ್ನು ಪಾಠದಲ್ಲಿ ಹುಡುಕಿ, ಅದರ ಹಿಂದು ಮುಂದಿನ ಸಾಲನ್ನು ಎತ್ತಿ ಬರೆಯುವುದನ್ನೇ ಓದು ಎಂದು ಕಲಿತಿರುತ್ತಾರೆ. ಇದು ಅವರ ತಪ್ಪಲ್ಲ. ಡೊಲೊರೆಸ್ ಡರ್ಕಿನ್ ಎಂಬ ಸಂಶೋಧಕಿ 1970ರ ದಶಕದ ಕೊನೆಯಲ್ಲಿ ಅಮೆರಿಕದ ನಾಲ್ಕನೇ ತರಗತಿಗಳಲ್ಲಿ ಸುಮಾರು 4,500 ನಿಮಿಷ ಓದಿನ ಪಾಠಗಳನ್ನು ಗಮನಿಸಿದಾಗ, ಅರ್ಥಮಾಡಿಕೊಳ್ಳುವುದು ಹೇಗೆಂದು ಕಲಿಸಿದ ಸಮಯ 20 ನಿಮಿಷಗಳಷ್ಟೇ ಇತ್ತು. ಉಳಿದಂತೆ ಶಿಕ್ಷಕರು ಬಹುಪಾಲು ಮಾಡುತ್ತಿದ್ದದ್ದು ಪ್ರಶ್ನೆ ಕೇಳಿ ಉತ್ತರ ಸರಿಯೇ ತಪ್ಪೇ ಎಂದು ನೋಡುವುದು. ಪ್ರಶ್ನೆ ಕೇಳುವುದು ಅರ್ಥವಾಗಿದೆಯೇ ಎಂದು ಅಳೆಯುತ್ತದೆಯೇ ಹೊರತು ಅರ್ಥಮಾಡಿಕೊಳ್ಳುವುದನ್ನು ಕಲಿಸುವುದಿಲ್ಲ. ನಮ್ಮ ತರಗತಿಗಳ ಬಗ್ಗೆಯೂ ನಾನು ಇದಕ್ಕಿಂತ ಬೇರೆ ಮಾತು ಹೇಳಲಾರೆ.

ಇನ್ನು ವಿಷಯದ ಪರಿಚಯದ ಮಾತು. ಡೊನ್ನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ 1988ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ನಾನು ಪಾಲಕರಿಗೆ ಯಾವಾಗಲೂ ಹೇಳುತ್ತೇನೆ. ಏಳು ಮತ್ತು ಎಂಟನೇ ತರಗತಿಯ 64 ಮಕ್ಕಳಿಗೆ ಬೇಸ್‌ಬಾಲ್ ಪಂದ್ಯದ ಒಂದು ಭಾಗದ ವರ್ಣನೆಯನ್ನು ಓದಲು ಕೊಟ್ಟು, ಓದಿದ್ದನ್ನು ಮೈದಾನದ ಮಾದರಿಯ ಮೇಲೆ ಗೊಂಬೆಗಳನ್ನು ಸರಿಸಿ ತೋರಿಸಲು ಹೇಳಿದರು. ಓದಿನಲ್ಲಿ ಹಿಂದುಳಿದವರೆಂದು ಗುರುತಿಸಲ್ಪಟ್ಟಿದ್ದರೂ ಆ ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರಿಗಿಂತ ಎಷ್ಟೋ ಚೆನ್ನಾಗಿ ಅರ್ಥಮಾಡಿಕೊಂಡಿದ್ದರು. ಬೇಸ್‌ಬಾಲ್ ಎಂಬಲ್ಲಿ ಕ್ರಿಕೆಟ್ ಎಂದಿಟ್ಟುಕೊಂಡರೆ ಇದು ನಮಗೆ ಅನುಭವದ ಮಾತೇ. ಪತ್ರಿಕೆಯಲ್ಲಿ ಪಂದ್ಯದ ವರದಿಯನ್ನು ಸಲೀಸಾಗಿ ಓದಿ ವಿವರಿಸುವ ಹುಡುಗನೇ ಪಾಠದ ಮುಂದೆ ಮೂಕನಾಗುವುದನ್ನು ನೀವೂ ನೋಡಿರುತ್ತೀರಿ. ಅರ್ಥಗ್ರಹಣ ಎಂಬುದು ಎಲ್ಲ ವಿಷಯಕ್ಕೂ ಒಂದೇ ಸಮನಾಗಿ ಅನ್ವಯಿಸುವ ಬಿಡಿ ಕೌಶಲವಲ್ಲ. ಯಾವ ವಿಷಯದ ಬಗ್ಗೆ ಮಗುವಿನಲ್ಲಿ ಈಗಾಗಲೇ ಒಂದಿಷ್ಟು ತಿಳಿವಳಿಕೆ ಇದೆಯೋ ಅಲ್ಲಿ ಹೊಸ ಮಾತು ಬಂದು ಕೂರುತ್ತದೆ.

ಆದ್ದರಿಂದ ಅವನಿಗೆ ಗೊತ್ತಿರುವ ಜಾಗದಿಂದಲೇ ಆರಂಭಿಸಿ, ಮತ್ತು ನೀವು ಹಿರಿಯೂರಿನವರಾಗಿರುವುದರಿಂದ ನಿಮಗೆ ಬೇರೆಲ್ಲೂ ಹುಡುಕಬೇಕಾಗಿಲ್ಲ. ಮಾರಿಕಣಿವೆಯ ಅಣೆಕಟ್ಟು, ಅಂದರೆ ವಾಣಿವಿಲಾಸ ಸಾಗರ, ಅವನು ನೋಡಿಯೇ ಇರುವ ಜಾಗ. 2022ರಲ್ಲಿ ಅದು ಕೋಡಿ ಬಿದ್ದಾಗ ಊರಿಗೆ ಊರೇ ನೋಡಲು ಹೋದದ್ದು ಅವನಿಗೂ ಸ್ವಲ್ಪ ನೆನಪಿರಬಹುದು. 1898ರಲ್ಲಿ ಕಟ್ಟಲು ಆರಂಭಿಸಿ 1907ರಲ್ಲಿ ಮುಗಿಸಿದ ಈ ಕಟ್ಟೆ ಅದಕ್ಕೂ ಮೊದಲು ಕೋಡಿ ಬಿದ್ದದ್ದು 1933ರಲ್ಲಿ. ನಡುವೆ 89 ವರ್ಷ! ‘ಅಷ್ಟು ವರ್ಷ ಯಾಕೆ ತುಂಬಲಿಲ್ಲ?’ ಎಂಬ ಪ್ರಶ್ನೆಯನ್ನು ಅವನ ಮುಂದಿಟ್ಟು, ಉತ್ತರ ಹೇಳದೆ, ಒಂದು ದಿನ ಹಾಗೆಯೇ ಬಿಡಿ. ಮರುದಿನ ಅವನ ಮುಂದೆ ಇಡಬಹುದಾದ, ಪಠ್ಯಪುಸ್ತಕದ ಧಾಟಿಯಲ್ಲಿಯೇ ನಾನು ಬರೆದ ಪರಿಚ್ಛೇದವೊಂದು ಇಲ್ಲಿದೆ:

‘ಅರಬ್ಬೀ ಸಮುದ್ರದ ಕಡೆಯಿಂದ ಬೀಸುವ ತೇವಾಂಶಭರಿತ ನೈಋತ್ಯ ಮಾರುತಗಳು ಪಶ್ಚಿಮ ಘಟ್ಟಗಳಿಂದ ತಡೆಯಲ್ಪಟ್ಟು ಮೇಲಕ್ಕೇರುತ್ತವೆ. ಮೇಲೇರಿದ ಗಾಳಿಯು ತಂಪಾಗಿ, ಅದರಲ್ಲಿರುವ ನೀರಾವಿಯು ಸಾಂದ್ರೀಕರಣಗೊಂಡು, ಘಟ್ಟಗಳ ಪಶ್ಚಿಮ ಪಾರ್ಶ್ವದಲ್ಲಿ ಅಧಿಕ ಮಳೆ ಸುರಿಯುತ್ತದೆ. ಘಟ್ಟಗಳನ್ನು ದಾಟಿ ಪೂರ್ವಕ್ಕೆ ಇಳಿಯುವ ವೇಳೆಗೆ ಗಾಳಿಯಲ್ಲಿ ತೇವಾಂಶವು ಕಡಿಮೆಯಾಗಿರುವುದರಿಂದ ಅಲ್ಲಿನ ಪ್ರದೇಶಗಳು ಅಲ್ಪ ಮಳೆಯನ್ನು ಪಡೆಯುತ್ತವೆ. ಇಂತಹ ಪ್ರದೇಶವನ್ನು ಮಳೆ ನೆರಳಿನ ಪ್ರದೇಶವೆಂದು ಕರೆಯಲಾಗುತ್ತದೆ.’

ನಾಲ್ಕೇ ವಾಕ್ಯ. ಇಪ್ಪತ್ತು ನಿಮಿಷಕ್ಕೆ ಇಷ್ಟು ಸಾಕು, ಇದಕ್ಕಿಂತ ಹೆಚ್ಚು ಬೇಡ. ಮೊದಲು ಒಮ್ಮೆ ಅವನು ಪೂರ್ತಿ ಓದಲಿ. ಆಮೇಲೆ ಒಂದೊಂದೇ ವಾಕ್ಯಕ್ಕೆ ನಿಂತು, ನಡೆಯುತ್ತಿರುವುದು ಏನು ಎಂದು ಅವನ ಮಾತಿನಲ್ಲಿಯೇ ಹೇಳಿಸಿ. ‘ಗಾಳಿ ಎಲ್ಲಿಂದ ಬಂತಪ್ಪ? ಅಡ್ಡ ಸಿಕ್ಕಿದ್ದು ಏನು? ಆಮೇಲೆ ಗಾಳಿ ಎಲ್ಲಿಗೆ ಹೋಯ್ತು?’ ಎಂಬ ಧಾಟಿಯಲ್ಲಿ, ಮನೆಯ ಮಾತಿನಲ್ಲಿಯೇ ಕೇಳಿ. ‘ತಡೆಯಲ್ಪಟ್ಟು’ ಎಂಬಲ್ಲಿ ಅವನು ನಿಲ್ಲಬಹುದು. ತಡೆದವರು ಯಾರು, ತಡೆಸಿಕೊಂಡವರು ಯಾರು ಎಂದು ಕೇಳಿದರೆ ಅದು ಬಿಡಿಸಿಕೊಳ್ಳುತ್ತದೆ. ಎರಡನೆಯ ವಾಕ್ಯವನ್ನು ನೋಡಿ: ‘ತಂಪಾಗಿ’, ‘ಸಾಂದ್ರೀಕರಣಗೊಂಡು’, ‘ಸುರಿಯುತ್ತದೆ’ ಎಂದು ಮೂರು ಕ್ರಿಯೆಗಳು ಒಂದರ ಹಿಂದೆ ಒಂದು ಬಂದಿವೆ, ಮತ್ತು ಕನ್ನಡದ ರೀತಿಯಂತೆ ವಾಕ್ಯವನ್ನು ಮುಗಿಸುವ ಕ್ರಿಯಾಪದ ಕೊನೆಗೆ ಬರುತ್ತದೆ. ಅಲ್ಲಿಯವರೆಗೆ ಮಗುವು ಎಲ್ಲವನ್ನೂ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡಿರಬೇಕು. ಇಂಥ ವಾಕ್ಯವನ್ನು ಮೂರು ತುಂಡು ಮಾಡಿ, ಬೆರಳಲ್ಲಿ ಒಂದೊಂದೇ ಎಣಿಸುತ್ತಾ ಹೇಳಿಸಿದರೆ ಅವನ ಭಾರ ಇಳಿಯುತ್ತದೆ.

‘ಸಾಂದ್ರೀಕರಣ’ದ ಅರ್ಥವನ್ನು ನಿಘಂಟಿನಲ್ಲಿ ಹುಡುಕಿಸಬೇಡಿ. ಅನ್ನ ಬೇಯುತ್ತಿರುವ ಪಾತ್ರೆಯ ಮುಚ್ಚಳವನ್ನು ತೆಗೆದು, ಅದರ ಒಳಮೈಗೆ ಕೂಡಿರುವ ಹನಿಗಳನ್ನು ತೋರಿಸಿ, ಆವಿಯು ಮತ್ತೆ ನೀರಾಗಿರುವುದನ್ನು ಅವನ ಬಾಯಿಂದಲೇ ಹೇಳಿಸಿ, ಆಮೇಲೆ ‘ಇದಕ್ಕೇ ಪುಸ್ತಕದಲ್ಲಿ ಸಾಂದ್ರೀಕರಣ ಅಂತ ಹೆಸರು’ ಎಂದು ಹೇಳಿ. ವಸ್ತು ಮೊದಲು, ಹೆಸರು ಆಮೇಲೆ. ಇನ್ನು ಕೊನೆಯ ವಾಕ್ಯದ ‘ನೆರಳು’. ಬಿಸಿಲಿನ ನೆರಳು ಮಾತ್ರ ಗೊತ್ತಿರುವ ಮಗುವಿಗೆ ಮಳೆಯ ನೆರಳು ಎಂದರೆ ಗೊಂದಲವಾಗುವುದು ಸಹಜ. ಗೋಡೆ ಬಿಸಿಲನ್ನು ತಡೆದರೆ ಆಚೆ ಬದಿಗೆ ನೆರಳು ಬೀಳುವ ಹಾಗೆ, ಘಟ್ಟವು ಮಳೆಯನ್ನು ತಡೆದಾಗ ಆಚೆ ಬದಿಗೆ ಬೀಳುವುದು ಮಳೆಯಿಲ್ಲದಿರುವಿಕೆ ಎಂದು ವಿವರಿಸಿ. ಈಗ ನಕಾಶೆ ತೆಗೆದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯನ್ನೂ ನಿಮ್ಮ ಪಕ್ಕದ ಚಳ್ಳಕೆರೆಯನ್ನೂ ತೋರಿಸಿ. ವರ್ಷಕ್ಕೆ ಆಗುಂಬೆಯಲ್ಲಿ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ, ಚಳ್ಳಕೆರೆಯಲ್ಲಿ ಸುಮಾರು 500. ಮಾರಿಕಣಿವೆಗೆ ನೀರು ತರುವ ವೇದಾವತಿಯು ಬಾಬಾಬುಡನ್‌ಗಿರಿ ಸಾಲಿನ ಪೂರ್ವದ ಇಳಿಜಾರಿನಲ್ಲಿ ಹುಟ್ಟುವ ಹೊಳೆಗಳಿಂದ ಆದದ್ದು ಎಂದು ಹೇಳಿ, ‘ಹಾಗಾದ್ರೆ ನಮ್ಮ ಕಟ್ಟೆ ಯಾಕೆ ಅಷ್ಟು ವರ್ಷ ತುಂಬಲಿಲ್ಲ?’ ಎಂದು ಮತ್ತೆ ಕೇಳಿ. ಉತ್ತರ ಪರಿಚ್ಛೇದದಲ್ಲಿ ಎಲ್ಲೂ ಬರೆದಿಲ್ಲ, ಎತ್ತಿ ಬರೆಯಲು ಸಾಲು ಸಿಗುವುದಿಲ್ಲ. ಓದಿದ್ದನ್ನು ತನಗೆ ಗೊತ್ತಿರುವುದರ ಜೊತೆ ಕೂಡಿಸಿ ಅವನೇ ಉತ್ತರ ಕಟ್ಟಬೇಕು. ಅವನು ಬುದ್ಧಿವಂತನಾಗಿದ್ದರೆ, ಹಾಗಾದರೆ 2022ರಲ್ಲಿ ಹೇಗೆ ತುಂಬಿತು ಎಂದು ನಿಮ್ಮನ್ನೇ ಕೇಳುತ್ತಾನೆ. ಆಗ ಆ ಸಾಲಿನ ಭಾರಿ ಮಳೆಯ ಬಗ್ಗೆಯೂ ಭದ್ರಾ ಮೇಲ್ದಂಡೆ ಯೋಜನೆಯಿಂದ ಹರಿದ ನೀರಿನ ಬಗ್ಗೆಯೂ ಹುಡುಕಿ ಓದಲು ಅವನಿಗೊಂದು ಕಾರಣ ಸಿಕ್ಕಂತಾಯಿತು.

ಪದಗಳ ವಿಷಯದಲ್ಲಿ ಇನ್ನೆರಡು ಮಾತು ಹೇಳಬೇಕು. ನಮ್ಮ ಪಠ್ಯಪುಸ್ತಕಗಳ ಪಾರಿಭಾಷಿಕ ಪದಗಳು ಬಹುಪಾಲು ಸಂಸ್ಕೃತದಿಂದ ಕಟ್ಟಿದವು. ಅವು ಮಗುವಿಗೆ ಕಬ್ಬಿಣದ ಕಡಲೆ ಎಂಬ ದೂರು ನ್ಯಾಯವಾದದ್ದೇ ಆದರೂ, ಬಿಡಿಸುವುದನ್ನು ಕಲಿಸಿದರೆ ಅವೇ ಸಹಾಯಕ್ಕೂ ಬರುತ್ತವೆ. ‘ಆಶಯ’ ಎಂದರೆ ಇಲ್ಲಿ ಇರುವ ಜಾಗ, ಸೇರುವ ತಾಣ ಎಂದು ಒಮ್ಮೆ ಹೇಳಿಕೊಟ್ಟರೆ ಜಲಾಶಯ, ಮೂತ್ರಾಶಯ, ಅಂಡಾಶಯ ಮೂರೂ ತಾವಾಗಿ ತೆರೆದುಕೊಳ್ಳುತ್ತವೆ. ‘ಪತ್ರ’ ಎಂದರೆ ಎಲೆ, ‘ಹರಿತ್’ ಎಂದರೆ ಹಸಿರು, ಆದ್ದರಿಂದ ಪತ್ರಹರಿತ್ತು. ‘ದ್ಯುತಿ’ ಎಂದರೆ ಬೆಳಕು, ‘ಸಂಶ್ಲೇಷಣೆ’ ಎಂದರೆ ಕೂಡಿಸಿ ಹೊಸದನ್ನು ಮಾಡುವುದು. ದಿನಕ್ಕೆ ಹತ್ತು ಪದಗಳ ಅರ್ಥ ಬರೆಸಿ ಉರು ಹೊಡೆಸುವುದಕ್ಕಿಂತ ವಾರಕ್ಕೆ ಇಂಥ ಎರಡು ತುಣುಕುಗಳನ್ನು ಕಲಿಸಿ, ಅವು ಬೇರೆಲ್ಲಿ ಬರುತ್ತವೆ ಎಂದು ಅವನಿಂದಲೇ ಹುಡುಕಿಸುವುದು ಹೆಚ್ಚು ಬೆಲೆಯುಳ್ಳ ಕೆಲಸ.

ಆದರೆ ನನ್ನ ಅನುಭವದಲ್ಲಿ ಕಷ್ಟದ ಪದಗಳಿಗಿಂತ ಹೆಚ್ಚು ತೊಂದರೆ ಕೊಡುವವು ಸುಲಭವಾಗಿ ಕಾಣುವ ಪದಗಳು. ಕಷ್ಟದ ಪದ ಬಂದಾಗ ಇದು ನನಗೆ ಗೊತ್ತಿಲ್ಲ ಎಂದಾದರೂ ಮಗುವಿಗೆ ತಿಳಿಯುತ್ತದೆ. ‘ಬಲ’, ‘ಕೆಲಸ’, ‘ಹಣ್ಣು’ ಎಂಬ ಪದಗಳು ಬಂದಾಗ ಗೊತ್ತಿದೆ ಎಂದುಕೊಂಡು ಮುಂದೆ ಹೋಗುತ್ತದೆ. ರಾತ್ರಿಯಿಡೀ ನಿಂತು ಕಾವಲು ಕಾಯುವವನು ದಣಿಯುತ್ತಾನೆ, ಆದರೆ ಭೌತವಿಜ್ಞಾನದ ಲೆಕ್ಕದಲ್ಲಿ ಅವನು ನಿಂತಿರುವುದು ಕೆಲಸವಲ್ಲ. ಸಸ್ಯಗಳ ಪಾಠದಲ್ಲಿ ಬದನೆಕಾಯಿಯೂ ಟೊಮೆಟೊವೂ ಹಣ್ಣುಗಳೇ. ಹೀಗೆಯೇ ‘ಆದಾಗ್ಯೂ’, ‘ಹೊರತು’, ‘ವಿನಾ’, ‘ಬದಲಾಗಿ’, ‘ಪರಿಣಾಮವಾಗಿ’ ಎಂಬ ಜೋಡಿಸುವ ಪದಗಳನ್ನು ಯಾರೂ ಪಾಠದ ಕೊನೆಯ ಪದಪಟ್ಟಿಯಲ್ಲಿ ಕೊಡುವುದಿಲ್ಲ, ಆದರೆ ಇಡೀ ವಾಕ್ಯದ ದಿಕ್ಕನ್ನು ತಿರುಗಿಸುವವು ಅವೇ. ‘ಬಾವಲಿಯು ಹಾರುತ್ತದೆ, ಆದಾಗ್ಯೂ’ ಎಂದು ಓದಿ ನಿಲ್ಲಿಸಿ, ಮುಂದೆ ಏನು ಬರಬಹುದು ಎಂದು ಕೇಳಿ. ‘ಅದು ಹಕ್ಕಿಯಲ್ಲ’ ಎಂಬಂಥ ಮಾತು ಅವನಿಂದ ಬಂದರೆ ಆ ಪದ ಅವನ ವಶವಾಗಿದೆ. ‘ಅದಕ್ಕೆ ರೆಕ್ಕೆ ಇದೆ’ ಎಂದರೆ ಇನ್ನೂ ಆಗಿಲ್ಲ.

ಮೇಲೆ ಹೇಳಿದ ರೀತಿಯಲ್ಲಿ ಜೊತೆಗೆ ಕುಳಿತು ಮಾತಾಡುತ್ತಾ ಓದುವ ಕ್ರಮ ನನ್ನ ಕಲ್ಪನೆಯದಲ್ಲ. ಆನ್‌ಮರೀ ಪಾಲಿಂಕ್ಸಾರ್ ಮತ್ತು ಆನ್ ಬ್ರೌನ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಿಮ್ಮ ಮಗನಂಥ ಮಕ್ಕಳನ್ನೇ, ಅಂದರೆ ಸಲೀಸಾಗಿ ಓದಿದರೂ ಅರ್ಥ ಹೇಳಲಾರದ ಏಳನೇ ತರಗತಿಯವರನ್ನೇ ತೆಗೆದುಕೊಂಡಿದ್ದರು. ಒಂದು ಪರಿಚ್ಛೇದ ಓದಿದ ಮೇಲೆ ಅದರ ಸಾರ ಹೇಳುವುದು, ಅದರ ಮೇಲೆ ಒಂದು ಪ್ರಶ್ನೆ ಕಟ್ಟುವುದು, ಅರ್ಥವಾಗದ ಜಾಗವನ್ನು ಬಿಡಿಸಿಕೊಳ್ಳುವುದು, ಮುಂದೆ ಏನು ಬರಬಹುದೆಂದು ಊಹಿಸುವುದು ಎಂಬ ನಾಲ್ಕು ಕೆಲಸಗಳನ್ನು ಮೊದಲು ಶಿಕ್ಷಕರು ಮಾಡಿ ತೋರಿಸುತ್ತಿದ್ದರು, ಬರಬರುತ್ತಾ ಮಕ್ಕಳೇ ಸರದಿಯ ಮೇಲೆ ಶಿಕ್ಷಕರ ಜಾಗದಲ್ಲಿ ಕುಳಿತು ಮಾಡತೊಡಗಿದರು. ಆ ಮಕ್ಕಳ ಗ್ರಹಿಕೆ ಗಣನೀಯವಾಗಿ ಸುಧಾರಿಸಿತು. ಈ ನಾಲ್ಕರಲ್ಲಿ ಮನೆಗೆ ಹೆಚ್ಚು ಒದಗುವುದು ಪ್ರಶ್ನೆ ಕಟ್ಟುವುದು. ನೀವೇ ಯಾವಾಗಲೂ ಕೇಳುವ ಬದಲು, ‘ಇವತ್ತು ನೀನು ಮೇಷ್ಟ್ರು, ನಾನು ಉತ್ತರ ಹೇಳ್ತೀನಿ’ ಎಂದು ಜಾಗ ಬದಲಿಸಿಕೊಳ್ಳಿ. ‘ಏನು’, ‘ಎಲ್ಲಿ’ ಎಂಬ ಪ್ರಶ್ನೆಗಳಿಂದ ‘ಏಕೆ’, ‘ಹೇಗೆ’, ‘ಹಾಗಾಗದಿದ್ದರೆ ಏನಾಗುತ್ತಿತ್ತು’ ಎಂಬ ಪ್ರಶ್ನೆಗಳಿಗೆ ಅವನು ಬರುವವರೆಗೆ ತಾಳ್ಮೆಯಿಂದ ಕಾಯಿರಿ.

ನೀವು ಎಸ್ಸೆಸ್ಸೆಲ್ಸಿವರೆಗೆ ಮಾತ್ರ ಓದಿದವರು ಎಂಬುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ವಿಷಯ ತಿಳಿದ ದೊಡ್ಡವರಿಗೆ ಒಂದು ಕೆಟ್ಟ ಅಭ್ಯಾಸವಿರುತ್ತದೆ: ಮಗು ತಡವರಿಸಿದ ಕೂಡಲೇ ತಾವೇ ವಿವರಿಸಿಬಿಡುತ್ತಾರೆ, ಆಗ ಮಗುವಿಗೆ ಅರ್ಥವಾಗುವುದು ವಿವರಣೆಯೇ ಹೊರತು ಪುಸ್ತಕವಲ್ಲ. ನಿಮಗೆ ನಿಜವಾಗಿಯೂ ಗೊತ್ತಿಲ್ಲದಿದ್ದಾಗ ‘ನನಗೂ ತಿಳೀಲಿಲ್ಲ, ಇನ್ನೊಂದು ಸಲ ಓದೋಣ’ ಎಂದು ಹೇಳಿ. ಅರ್ಥವಾಗದಾಗ ಹಿಂದಕ್ಕೆ ಹೋಗಿ ಮತ್ತೆ ಓದಬೇಕು, ಚಿತ್ರ ನೋಡಬೇಕು, ಮುಂದಿನ ವಾಕ್ಯ ಸಹಾಯ ಮಾಡುತ್ತದೆಯೇ ನೋಡಬೇಕು ಎಂಬುದು ಒಳ್ಳೆಯ ಓದುಗರೆಲ್ಲ ಮಾಡುವ, ಆದರೆ ಯಾರೂ ಮಗುವಿನ ಕಣ್ಣೆದುರಿಗೆ ಮಾಡಿ ತೋರಿಸದ ಕೆಲಸ. ಅದನ್ನು ನೀವು ಸಹಜವಾಗಿಯೇ ತೋರಿಸುತ್ತೀರಿ. ಚಿತ್ರಗಳ ಮಾತು ಬಂದದ್ದರಿಂದ ಹೇಳುತ್ತೇನೆ: ಪಾಠದ ಚಿತ್ರ, ನಕಾಶೆ, ಕೋಷ್ಟಕಗಳನ್ನು ಅಲಂಕಾರವೆಂದು ತಿಳಿದು ಹಾರಿಸುವ ಮಕ್ಕಳು ಬಹಳ. ಜಲಚಕ್ರದ ಚಿತ್ರದಲ್ಲಿ ಪ್ರತಿ ಬಾಣದ ಗುರುತಿನ ಮೇಲೂ ಬೆರಳಿಟ್ಟು ಇದು ಏನನ್ನು ಹೇಳುತ್ತಿದೆ ಎಂದು ಕೇಳಿ.

ಅವನು ಬರೆಯುವುದಕ್ಕಿಂತ ಮೊದಲು ಮಾತಿನಲ್ಲಿ ಹೇಳಲಿ. ಕಥೆಯನ್ನು ತಂಗಿಗೆ ಹೇಳುವ ರೂಢಿ ಅವನಿಗೆ ಇರುವುದರಿಂದ, ಪಾಠವನ್ನೂ ಅವಳಿಗೆ ಅರ್ಥವಾಗುವ ಹಾಗೆ ಹೇಳಲು ಬಿಡಿ. ಪುಸ್ತಕದ ವಾಕ್ಯವನ್ನೇ ಒಪ್ಪಿಸಿದರೆ ಅವಳಿಗೆ ತಿಳಿಯುವುದಿಲ್ಲ, ಆದ್ದರಿಂದ ಅವನು ತನ್ನ ಮಾತಿಗೆ ಇಳಿಸಲೇಬೇಕಾಗುತ್ತದೆ. ಆಮೇಲೆ ಎರಡು ಮೂರು ವಾಕ್ಯಗಳಲ್ಲಿ ಬರೆಯಲಿ, ಬರೆಯುವಾಗ ಆ ದಿನದ ಒಂದೋ ಎರಡೋ ಪುಸ್ತಕದ ಪದಗಳನ್ನು ಬಳಸಲಿ. ಕಾಗುಣಿತದ ತಪ್ಪುಗಳನ್ನು ಆ ಹೊತ್ತಿನಲ್ಲಿ ಎತ್ತಿ ಆಡಬೇಡಿ.

ಓದಲು ಏನು ಕೊಡಬೇಕು ಎಂದು ಕೇಳಿದ್ದೀರಿ. ಕಥೆಗಳನ್ನು ನಿಲ್ಲಿಸಬೇಡಿ, ಅವುಗಳ ಪಕ್ಕದಲ್ಲಿ ಮಾಹಿತಿ ಬರಹಕ್ಕೂ ಜಾಗ ಮಾಡಿ. ನಿಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ, 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದ ಅಡಿಯಲ್ಲಿ, 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹೊರತಂದ ‘ಬಾಲ ವಿಜ್ಞಾನ’ ಮಾಸಪತ್ರಿಕೆಯ ಹಳೆಯ ಸಂಚಿಕೆಗಳು ಎಲ್ಲಿ ಸಿಕ್ಕರೂ ಬಿಡಬೇಡಿ. ಮೊಬೈಲ್ ಇದ್ದರೆ ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ಜಾಲತಾಣದಲ್ಲಿ ಪ್ರಾಣಿ, ಗಿಡ, ಆಕಾಶ, ದೇಹಗಳ ಬಗ್ಗೆ ಕನ್ನಡದಲ್ಲಿಯೇ ಚಿತ್ರಸಹಿತ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ ಅವನ ತರಗತಿಗಿಂತ ಸುಲಭವಾದವುಗಳಿಂದ ಆರಂಭಿಸಲು ಸಂಕೋಚ ಬೇಡ. ಒಂದೇ ವಿಷಯದ ಮೇಲೆ ನಾಲ್ಕೈದು ಸಣ್ಣ ಬರಹಗಳನ್ನು ಓದಿಸುವುದು, ನಾಲ್ಕೈದು ವಿಷಯಗಳ ಮೇಲೆ ಒಂದೊಂದು ಓದಿಸುವುದಕ್ಕಿಂತ ಬಹಳ ಮೇಲು, ಏಕೆಂದರೆ ಎರಡನೆಯ ಬರಹದಲ್ಲಿ ಮೊದಲನೆಯದರ ಪದಗಳೇ ಮತ್ತೆ ಸಿಗುತ್ತವೆ, ಮೂರನೆಯದನ್ನು ಅವನು ತಿಳಿದವನಂತೆ ಓದುತ್ತಾನೆ. ಇವಲ್ಲದೆ ಬೀಜದ ಪೊಟ್ಟಣದ ಮೇಲಿನ ಸೂಚನೆ, ಗೊಬ್ಬರದ ಚೀಲದ ಮೇಲಿನ ಅಂಕಿಗಳು, ಕರೆಂಟ್ ಬಿಲ್ಲು, ಒಆರ್‌ಎಸ್ ಪುಡಿಯನ್ನು ಕಲಸುವ ವಿಧಾನ, ಇವನ್ನೆಲ್ಲ ಅವನಿಂದಲೇ ಓದಿಸಿ ಅದರಂತೆಯೇ ಮನೆಯಲ್ಲಿ ಕೆಲಸ ಮಾಡಿ. ತಪ್ಪಾಗಿ ಅರ್ಥಮಾಡಿಕೊಂಡರೆ ಕೆಲಸ ಕೆಡುತ್ತದೆ ಎಂಬ ಅರಿವು ಮಗುವನ್ನು ಎಚ್ಚರದಿಂದ ಓದಿಸುತ್ತದೆ. ಔಷಧಿಯ ಪ್ರಮಾಣ, ಒಆರ್‌ಎಸ್‌ನ ನೀರಿನ ಅಳತೆ ಇವುಗಳನ್ನು ಮಾತ್ರ ನೀವು ಇನ್ನೊಮ್ಮೆ ನೋಡಿಕೊಳ್ಳಿ.

ಪ್ರಶ್ನೋತ್ತರದ ಗೈಡನ್ನು ಈ ವರ್ಷವೇ ಕಿತ್ತುಕೊಳ್ಳಿ ಎಂದು ನಾನು ಹೇಳುವುದಿಲ್ಲ. ಪರೀಕ್ಷೆ ಹತ್ತಿರವಿರುವ ಮಗುವಿನ ಭಯ ನಿಜವಾದದ್ದು. ಆದರೆ ಪಾಠವನ್ನು ಮೇಲೆ ಹೇಳಿದಂತೆ ಓದಿ ತಂಗಿಗೆ ಹೇಳಿದ ಮೇಲಷ್ಟೇ ಗೈಡನ್ನು ತೆರೆಯಲಿ, ತನ್ನ ಉತ್ತರವನ್ನೂ ಅದರ ಉತ್ತರವನ್ನೂ ಹೋಲಿಸಲಿ. ಹಲವು ಸಲ ತನ್ನದೇ ಚೆನ್ನಾಗಿದೆ ಎಂದು ಅವನಿಗೆ ಕಾಣುತ್ತದೆ, ಮತ್ತು ಆ ದಿನದಿಂದ ಗೈಡಿನ ಹಂಗು ಕಡಿಮೆಯಾಗುತ್ತದೆ.

ಒಂದು ವಿಷಯವನ್ನು ಪ್ರತ್ಯೇಕವಾಗಿ ನೋಡಿಕೊಳ್ಳಬೇಕು. ಮೊದಲ ಪರೀಕ್ಷೆಯಲ್ಲಿ ಅವನು ಅಕ್ಷರಗಳಲ್ಲಿಯೇ ಎಡವುತ್ತಿರುವುದು, ಒತ್ತಕ್ಷರಗಳನ್ನು ಪದೇ ಪದೇ ಬಿಡುವುದು, ಸಾಲು ತಪ್ಪುವುದು ಕಂಡುಬಂದರೆ ಮೊದಲು ಕಣ್ಣಿನ ತಪಾಸಣೆ ಮಾಡಿಸಿ. ಕಣ್ಣು ಸರಿಯಿದ್ದೂ ತೊಂದರೆ ಮುಂದುವರಿದರೆ ಕಲಿಕೆಯ ನ್ಯೂನತೆಗಳನ್ನು ಪರೀಕ್ಷಿಸುವ ವೈದ್ಯರನ್ನು ಜಿಲ್ಲಾ ಆಸ್ಪತ್ರೆಯ ಮೂಲಕ ಕಾಣಬೇಕು. ನಿಮ್ಮ ಪತ್ರದಿಂದ ಹಾಗೆ ಅನ್ನಿಸುವುದಿಲ್ಲ.

ಇದು ಒಂದೆರಡು ವಾರದ ಕೆಲಸವಲ್ಲ, ಒಂದು ಪೂರ್ತಿ ಶೈಕ್ಷಣಿಕ ವರ್ಷವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಇಪ್ಪತ್ತು ನಿಮಿಷ, ಒಂದೇ ಪರಿಚ್ಛೇದ. ಆರಂಭಿಸುವ ದಿನ ಅವನು ಒಂದು ಪರಿಚ್ಛೇದ ಓದಿ ಹೇಳಿದ್ದನ್ನು ಅವನದೇ ಮಾತಿನಲ್ಲಿ, ತಪ್ಪಿದ್ದರೂ ತಿದ್ದದೆ, ಒಂದು ನೋಟ್‌ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡಿ. ಮೂರು ತಿಂಗಳಾದ ಮೇಲೆ ಅಷ್ಟೇ ಕಷ್ಟದ ಬೇರೊಂದು ಪರಿಚ್ಛೇದವನ್ನು ಓದಿಸಿ ಹೇಳಿಸಿ, ಅದನ್ನು ಎದುರಿನ ಪುಟದಲ್ಲಿ ಬರೆಯಿರಿ. ಎರಡರಲ್ಲಿ ‘ಏಕೆಂದರೆ’, ‘ಅದಕ್ಕೇ’, ‘ಇಲ್ಲದಿದ್ದರೆ’ ಎಂಬ ಮಾತುಗಳು ಎಷ್ಟು ಸಲ ಬಂದಿವೆ ಎಂದು ನೋಡಿ. ಎರಡೂ ಪುಟಗಳನ್ನು ನನಗೆ ಕಳುಹಿಸಿದರೆ, ಮುಂದೆ ಯಾವುದರ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕು ಎಂಬುದನ್ನು ಅದನ್ನು ನೋಡಿ ತಿಳಿಸುತ್ತೇನೆ.